ಉಸಿರಿಗೂ ತಾಲೀಮು ಬೇಕು: ಡೌನ್ ಸಿಂಡ್ರೋಮ್ ಇರುವ ಮಕ್ಕಳ ಶ್ವಾಸಕೋಶ ಮತ್ತು ವ್ಯಾಯಾಮ

ಮಂಗಳೂರಿನಲ್ಲಿ ಪೋಷಕರು, ವಿಶೇಷ ಶಾಲೆಗಳ ಶಿಕ್ಷಕರು ಮತ್ತು ಫಿಸಿಯೋಥೆರಪಿ ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳ ಬರಹ ರೂಪ. ಸಭಿಕರ ಪ್ರಶ್ನೆಗಳಲ್ಲಿ ಮೂರನ್ನು ಕೊನೆಗೆ ಸೇರಿಸಿದೆ.

ಎಲ್ಲರಿಗೂ ನಮಸ್ಕಾರ. ಇವತ್ತಿನ ಮಾತು ಶ್ವಾಸಕೋಶದ ಬಗ್ಗೆ ಎಂದು ನಿಮಗೆ ತಿಳಿಸಿದ್ದಾರೆ. ಆದರೆ ಹೆಚ್ಚಿನ ಹೊತ್ತು ನಾವು ಮಾತಾಡಲಿರುವುದು ಸ್ನಾಯುಗಳ ಬಗ್ಗೆ. ಶ್ವಾಸಕೋಶ ತಾನಾಗಿ ಹಿಗ್ಗುವ ಅಂಗವಲ್ಲ. ಕುಲುಮೆಯ ತಿದಿಯನ್ನು ಎಳೆಯುವ ಕೈ ಬೇರೆ ಇರುವ ಹಾಗೆ, ಇಲ್ಲಿಯೂ ಎಳೆಯುವವರು ಬೇರೆ: ಎದೆ ಮತ್ತು ಹೊಟ್ಟೆಯ ನಡುವಿನ ವಪೆ, ಪಕ್ಕೆಲುಬುಗಳ ನಡುವಿನ ಸ್ನಾಯುಗಳು, ಜೋರಾಗಿ ಕೆಮ್ಮುವಾಗ ಬಿಗಿಯುವ ಹೊಟ್ಟೆಯ ಸ್ನಾಯುಗಳು. ವ್ಯಾಯಾಮದಿಂದ ಬದಲಾಗುವುದು ಇವು. ಶ್ವಾಸಕೋಶದೊಳಗಿನ ಗಾಳಿಗೂಡುಗಳ ಸಂಖ್ಯೆಯನ್ನು ಯಾವ ವ್ಯಾಯಾಮವೂ ಹೆಚ್ಚಿಸುವುದಿಲ್ಲ. ಈ ಒಂದು ವಿಷಯ ಸ್ಪಷ್ಟವಾದರೆ ಏನನ್ನು ನಿರೀಕ್ಷಿಸಬೇಕು, ಯಾವುದಕ್ಕೆ ದುಡ್ಡು ಸುರಿಯಬಾರದು ಎಂಬುದು ಅರ್ಧ ತೀರ್ಮಾನವಾದಂತೆ.

ಮೂಗಿನಿಂದ ವಪೆಯವರೆಗೆ

ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ 21ನೇ ವರ್ಣತಂತು ಒಂದು ಹೆಚ್ಚಿಗೆ ಇರುವ ಸ್ಥಿತಿ) ಇರುವ ಮಕ್ಕಳಿಗೆ ಉಸಿರಾಟದ ತೊಂದರೆ ಬರುವುದು ಒಂದೇ ಕಾರಣದಿಂದಲ್ಲ. ಮೇಲಿಂದ ನೋಡುತ್ತಾ ಬನ್ನಿ. ಮುಖದ ನಡುಭಾಗ ಚಿಕ್ಕದು, ಹಾಗಾಗಿ ಮೂಗಿನ ದಾರಿಯೂ ಗಂಟಲಿನ ದಾರಿಯೂ ಇಕ್ಕಟ್ಟು. ನಾಲಿಗೆಗೆ ಬಾಯಿಯೊಳಗೆ ಜಾಗ ಸಾಲದು, ಅದು ಮುಂದೆ ಬರುತ್ತದೆ, ಬಾಯಿ ತೆರೆದೇ ಇರುತ್ತದೆ. ಟಾನ್ಸಿಲ್ ಮತ್ತು ಅಡೆನಾಯ್ಡ್ (ಮೂಗಿನ ಹಿಂದಿರುವ ಅಂಥದ್ದೇ ಗಡ್ಡೆ) ಸ್ವಲ್ಪ ಊದಿಕೊಂಡರೂ ಸಾಕು, ನಿದ್ದೆಯಲ್ಲಿ ಉಸಿರು ಕಟ್ಟುತ್ತದೆ. ಕೆಲವು ಮಕ್ಕಳ ಧ್ವನಿಪೆಟ್ಟಿಗೆ ಮತ್ತು ಶ್ವಾಸನಾಳದ ಗೋಡೆ ಮೆತ್ತಗಿದ್ದು, ಉಸಿರಾಡುವಾಗ ಒಳಕ್ಕೆ ಕುಸಿಯುತ್ತದೆ. ಇನ್ನೂ ಕೆಳಗೆ, ಗಾಳಿಗೂಡುಗಳು ಸಂಖ್ಯೆಯಲ್ಲಿ ಕಡಿಮೆ. ಶ್ವಾಸಕೋಶದ ಹೊರಪದರದ ಕೆಳಗೆ ಸಣ್ಣ ಗುಳ್ಳೆಗಳು ಇರುವುದೂ ಉಂಟು. ರೋಗನಿರೋಧಕ ಶಕ್ತಿಯ ಕೊರತೆಯಿಂದ ನೆಗಡಿ ಬೇಗ ಎದೆಗಿಳಿಯುತ್ತದೆ. ಹುಟ್ಟುವಾಗಲೇ ಹೃದಯದ ದೋಷ ಇರುವ ಮಕ್ಕಳು ಸುಮಾರು ಅರ್ಧದಷ್ಟು.

ಇಷ್ಟೆಲ್ಲದರ ಮೇಲೆ ಸ್ನಾಯುಗಳ ಬಿಗಿ ಕಡಿಮೆ, ಕೀಲುಗಳು ಸಡಿಲ. ಕೂತಾಗ ಬೆನ್ನು ಬಾಗುತ್ತದೆ, ಪಕ್ಕೆಲುಬುಗಳ ಕೆಳಅಂಚು ಹೊರಗೆ ಚಾಚಿಕೊಳ್ಳುತ್ತದೆ, ಹೊಟ್ಟೆ ಮುಂದಕ್ಕೆ ಬರುತ್ತದೆ. ವಪೆ ಕೆಳಗಿಳಿಯುವಾಗ ಅದಕ್ಕೆ ಆಸರೆಯಾಗಬೇಕಾದ ಹೊಟ್ಟೆಯ ಗೋಡೆಯೇ ಸಡಿಲವಾದರೆ ಪಕ್ಕೆಲುಬು ಮೇಲೇಳುವುದು ಹೇಗೆ? ಉಸಿರು ಮೇಲುಮೇಲಕ್ಕೆ ನಿಲ್ಲುತ್ತದೆ. ಕೆಮ್ಮಿನಲ್ಲಿ ದಮ್ಮಿಲ್ಲ, ಹಾಗಾಗಿ ಕಫ ಒಳಗೇ ಉಳಿಯುತ್ತದೆ. ಕಫ ಉಳಿದಲ್ಲಿ ಸೋಂಕು, ಸೋಂಕಾದಾಗ ಹಾಸಿಗೆ, ಹಾಸಿಗೆ ಹಿಡಿದಷ್ಟೂ ಸ್ನಾಯು ಇನ್ನಷ್ಟು ಸಡಿಲ. ವ್ಯಾಯಾಮ ಕೈಹಾಕಬಹುದಾದ ಜಾಗ ಈ ಸುತ್ತು.

ಊದಿದ ಗಾಳಿಯನ್ನು ಅಳೆಯುವ ಸ್ಪೈರೋಮೀಟರಿನಲ್ಲಿ ಊದಿಸಿದರೆ, ಒಟ್ಟು ಊದಿದ ಗಾಳಿ (ಎಫ್‌ವಿಸಿ) ಮತ್ತು ಮೊದಲ ಒಂದು ಸೆಕೆಂಡಿನಲ್ಲಿ ಊದಿದ ಗಾಳಿ (ಎಫ್‌ಇವಿ1) ಎರಡೂ ಕಡಿಮೆ ಬಂದು, ಅವುಗಳ ಅನುಪಾತ ಹೆಚ್ಚುಕಡಿಮೆ ಸರಿಯಾಗಿಯೇ ಇರುವುದು ಸಾಮಾನ್ಯ. ಅಂದರೆ ಅಸ್ತಮಾದ ಹಾಗೆ ನಾಳ ಬಿಗಿದುಕೊಂಡಿಲ್ಲ. ಗಾಳಿ ತುಂಬಿಸುವ, ತಳ್ಳುವ ಶಕ್ತಿಯೇ ಸಾಲದು. ಉಬ್ಬಸದ ಸದ್ದೇ ಇಲ್ಲದ ಮಗುವಿಗೆ ವರ್ಷಗಟ್ಟಲೆ ಇನ್‌ಹೇಲರ್ ಕೊಟ್ಟರೂ ಈ ಸಂಖ್ಯೆ ಏರದಿರುವುದಕ್ಕೆ ಇದೂ ಒಂದು ಕಾರಣ. ಹಾಗೆಂದು ವೈದ್ಯರನ್ನು ಕೇಳದೆ ಇನ್‌ಹೇಲರ್ ನಿಲ್ಲಿಸಬೇಡಿ, ಎರಡೂ ತೊಂದರೆ ಒಟ್ಟಿಗೆ ಇರುವ ಮಕ್ಕಳೂ ಇದ್ದಾರೆ.

ಶುರು ಮಾಡುವ ಮೊದಲು

ಮೊದಲು ಹೃದಯ. ಹುಟ್ಟಿದಾಗ ಎಕೋ (ಹೃದಯದ ಸ್ಕ್ಯಾನ್) ಆಗಿದ್ದರೂ, ಶಸ್ತ್ರಚಿಕಿತ್ಸೆ ಮುಗಿದಿದ್ದರೂ, ವ್ಯಾಯಾಮ ಶುರು ಮಾಡುವ ಮೊದಲು ಹೃದ್ರೋಗ ತಜ್ಞರನ್ನು ಒಂದು ಪ್ರಶ್ನೆ ಕೇಳಿ: "ಶ್ವಾಸಕೋಶದ ರಕ್ತನಾಳದ ಒತ್ತಡ ಈಗ ಎಷ್ಟಿದೆ?" ಹೃದಯದ ರಂಧ್ರ ಮುಚ್ಚಿದ ಮೇಲೂ ಆ ಒತ್ತಡ ಉಳಿಯಬಹುದು. ಒತ್ತಡ ಹೆಚ್ಚಿರುವ ಮಗುವಿಗೆ ದಮ್ಮು ಕಟ್ಟುವ, ಉಸಿರು ಹಿಡಿಯುವ ಯಾವ ವ್ಯಾಯಾಮವೂ ಸಲ್ಲ. ನಡಿಗೆಯನ್ನೂ ತಜ್ಞರು ಹೇಳಿದ ಮಿತಿಯಲ್ಲೇ ಮಾಡಿಸಬೇಕು.

ಎರಡನೆಯದು ಕುತ್ತಿಗೆ. ತಲೆಬುರುಡೆಯ ಕೆಳಗಿನ ಮೊದಲ ಎರಡು ಕಶೇರುಗಳ ನಡುವಿನ ಬಂಧ ಈ ಮಕ್ಕಳಲ್ಲಿ ಸಡಿಲವಿರಬಹುದು. ಎಕ್ಸ್‌ರೇಯಲ್ಲಿ ಸಡಿಲ ಕಾಣುವವರು ನೂರಕ್ಕೆ 10ರಿಂದ 20. ಅದರಿಂದ ನಿಜವಾಗಿ ತೊಂದರೆಯಾಗುವವರು ನೂರಕ್ಕೆ ಒಬ್ಬಿಬ್ಬರು ಮಾತ್ರ. ಲಕ್ಷಣವೇ ಇಲ್ಲದ ಮಗುವಿಗೆ ಸುಮ್ಮನೆ ಎಕ್ಸ್‌ರೇ ತೆಗೆಸುವುದನ್ನು ಈಗ ಸಾಮಾನ್ಯವಾಗಿ ಒತ್ತಾಯಿಸುವುದಿಲ್ಲ, ಏಕೆಂದರೆ ಇವತ್ತು ಚೆನ್ನಾಗಿ ಕಂಡ ಎಕ್ಸ್‌ರೇ ನಾಳೆಗೆ ಗ್ಯಾರಂಟಿ ಅಲ್ಲ. ಲಕ್ಷಣಗಳನ್ನು ಬಾಯಿಪಾಠ ಮಾಡಿಕೊಳ್ಳಿ: ಕುತ್ತಿಗೆ ನೋವು, ತಲೆ ಒಂದು ಕಡೆಗೆ ವಾಲಿಸುವುದು, ನಡೆಯುತ್ತಿದ್ದ ಮಗು ಎಡವತೊಡಗುವುದು, ಚಮಚ ಹಿಡಿಯುತ್ತಿದ್ದ ಕೈ ಸೋಲುವುದು, ಒಣಗಿದ್ದ ಚಡ್ಡಿ ಮತ್ತೆ ಒದ್ದೆಯಾಗತೊಡಗುವುದು. ಇವುಗಳಲ್ಲಿ ಒಂದು ಕಂಡರೂ ವ್ಯಾಯಾಮ ಅಲ್ಲಿಗೇ ನಿಲ್ಲಬೇಕು, ಅದೇ ದಿನ ವೈದ್ಯರ ಬಳಿ ಹೋಗಬೇಕು.

ಲಕ್ಷಣ ಇರಲಿ ಬಿಡಲಿ, ಕೆಲವನ್ನು ಮಾಡಿಸಲೇಬಾರದು. ನಮ್ಮ ಊರಿನಲ್ಲಿ ಇದನ್ನು ಬಿಡಿಸಿ ಹೇಳಬೇಕು. ದಸರೆಯ ಹೊತ್ತಿಗೆ ಹುಲಿವೇಷದ ವಾದ್ಯವಾದ ತಾಸೆಯ ಸದ್ದು ಕೇಳಿದರೆ ಈ ಮಕ್ಕಳ ಕಾಲು ನಿಲ್ಲುವುದಿಲ್ಲ. ಹುಲಿವೇಷದ ಕುಣಿತಕ್ಕಿಂತ ಒಳ್ಳೆಯ ವ್ಯಾಯಾಮವನ್ನು ನಾವು ಹುಡುಕಿ ತರಬೇಕಾಗಿಲ್ಲ, ಧಾರಾಳ ಕುಣಿಯಲಿ. ಆದರೆ ಲಾಗ ಬೇಡ. ಮುಂದಕ್ಕೂ ಬೇಡ, ಹಿಂದಕ್ಕೂ ಬೇಡ, ಯಾರದೋ ಹೆಗಲ ಮೇಲಿಂದ ಹಾರುವುದೂ ಬೇಡ. ಶೀರ್ಷಾಸನ, ಸರ್ವಾಂಗಾಸನ, ಹಲಾಸನ, ಈಜುಕೊಳಕ್ಕೆ ತಲೆ ಮುಂದಾಗಿ ಧುಮುಕುವುದು, ತಲೆಯ ಹಿಂದೆ ಕೈ ಕಟ್ಟಿ ಏಳುವ ಸಿಟಪ್ಸ್ ಇವೂ ಅದೇ ಪಟ್ಟಿಗೆ ಸೇರುತ್ತವೆ. ಆರು ವರ್ಷದೊಳಗಿನವರನ್ನು ಮಾಲ್‌ನ ಟ್ರ್ಯಾಂಪೊಲಿನ್ ಹತ್ತಿಸಬೇಡಿ.

ಉಳಿದವು ಚಿಕ್ಕವು, ಆದರೆ ಮರೆಯುವಂಥವು. ಥೈರಾಯ್ಡ್ ಕಡಿಮೆಯಿದ್ದರೆ ಮಗು ಸುಸ್ತಾಗಿಯೇ ಇರುತ್ತದೆ, ನಾವು ಸೋಮಾರಿ ಎನ್ನುತ್ತೇವೆ. ಟಿಎಸ್‌ಎಚ್ ಪರೀಕ್ಷೆ ವರ್ಷಕ್ಕೊಮ್ಮೆ ಆಗಲಿ. ನಾಲ್ಕು ವರ್ಷ ತುಂಬುವ ಮೊದಲು ಒಂದು ನಿದ್ರಾ ಪರೀಕ್ಷೆ ಆಗಬೇಕು. "ನಮ್ಮವ ಗೊರಕೆ ಹೊಡೆಯುವುದಿಲ್ಲ" ಎಂಬುದು ಸಾಕ್ಷಿಯಲ್ಲ, ಗೊರಕೆಯಿಲ್ಲದೆಯೂ ಉಸಿರು ಕಟ್ಟಬಹುದು. ರಾತ್ರಿಯಿಡೀ ಉಸಿರಿಗೆ ಒದ್ದಾಡಿದ ಮಗುವನ್ನು ಬೆಳಿಗ್ಗೆ ಓಡಿಸಲು ಹೋದರೆ ಅದು ನೆಲದ ಮೇಲೆ ಕೂತುಬಿಡುತ್ತದೆ, ಅದರಲ್ಲಿ ಮಗುವಿನ ತಪ್ಪೇನೂ ಇಲ್ಲ.

220ರ ಲೆಕ್ಕ ಇಲ್ಲಿ ನಡೆಯುವುದಿಲ್ಲ

ಜಿಮ್‌ಗೆ ಹೋಗುವವರಿಗೆಲ್ಲ ಗೊತ್ತಿರುವ ಸೂತ್ರ: 220ರಿಂದ ವಯಸ್ಸನ್ನು ಕಳೆದರೆ ಹೃದಯದ ಗರಿಷ್ಠ ಬಡಿತ. ಡೌನ್ ಸಿಂಡ್ರೋಮ್ ಇರುವವರಲ್ಲಿ ಇದು ತಪ್ಪು ಉತ್ತರ ಕೊಡುತ್ತದೆ. ಶ್ರಮ ಹೆಚ್ಚಿದಾಗ ಹೃದಯವನ್ನು ಓಡಿಸುವ ನರ ಮತ್ತು ಹಾರ್ಮೋನುಗಳ ಸ್ಪಂದನ ಇವರಲ್ಲಿ ಮಂದ. ಹೃದಯದ ದೋಷವೇ ಇಲ್ಲದಿದ್ದರೂ ಗರಿಷ್ಠ ಬಡಿತ ಓರಗೆಯವರಿಗಿಂತ ನಿಮಿಷಕ್ಕೆ ಸುಮಾರು 30ರಷ್ಟು ಕಡಿಮೆ. 2001ರಲ್ಲಿ ಪ್ರಕಟವಾದ ಒಂದು ಸೂತ್ರವನ್ನು ಸರಳ ಮಾಡಿದರೆ ಹೀಗೆ ಬರುತ್ತದೆ: 179ರಿಂದ, ವಯಸ್ಸನ್ನು 0.56ರಿಂದ ಗುಣಿಸಿ ಬಂದದ್ದನ್ನು ಕಳೆಯಿರಿ.

14 ವರ್ಷದ ಹುಡುಗನನ್ನು ತೆಗೆದುಕೊಳ್ಳಿ. ಹಳೆಯ ಸೂತ್ರ ಹೇಳುವುದು 206. ಅದರ ಶೇ. 70 ಎಂದರೆ 144, "ಮಧ್ಯಮ ಶ್ರಮ" ಎಂದು ಪಿ.ಟಿ. ಮೇಷ್ಟ್ರು ಲೆಕ್ಕ ಹಾಕುತ್ತಾರೆ. ಆದರೆ ಅವನ ನಿಜವಾದ ಗರಿಷ್ಠ 171ರ ಹತ್ತಿರ. 144 ಅಂದರೆ ಅದರ ಶೇ. 84, ಕಷ್ಟದ ಓಟ. ಮೂರನೇ ದಿನಕ್ಕೆ ಅವನು "ಬೇಡ" ಎಂದು ಕೈ ಕಟ್ಟಿ ನಿಲ್ಲುತ್ತಾನೆ, ಎಲ್ಲರೂ ಅದನ್ನು ಹಠ ಎನ್ನುತ್ತಾರೆ. ಅವನಿಗೆ ಹೊಂದುವ ವ್ಯಾಪ್ತಿ ಸುಮಾರು 103ರಿಂದ 128, ಅಂದರೆ 171ರ ಶೇ. 60ರಿಂದ 75. ಹೃದಯಕ್ಕೆ ಮಾತ್ರೆ ತೆಗೆದುಕೊಳ್ಳುವ ಮಕ್ಕಳಿಗೆ ಈ ಲೆಕ್ಕವೂ ಸಲ್ಲದು, ಕೆಲವು ಮಾತ್ರೆಗಳು ಬಡಿತವನ್ನು ಇನ್ನೂ ತಗ್ಗಿಸುತ್ತವೆ.

ಮನೆಯಲ್ಲಿ ಬಡಿತ ಎಣಿಸುತ್ತಾ ಕೂರಬೇಕಾಗಿಲ್ಲ. ಮಗು ನಡೆಯುತ್ತಾ ನಾಲ್ಕೈದು ಪದ ಆಡಬಲ್ಲದು, ಆದರೆ ಹಾಡಲಾರದು: ಶ್ರಮ ಸರಿಯಾಗಿದೆ. ಹಾಡುತ್ತಿದ್ದರೆ ಸ್ವಲ್ಪ ಬೇಗ ನಡೆಸಿ. ಒಂದು ಪದಕ್ಕೂ ಏದುಸಿರು ಬಂದರೆ ನಿಧಾನಿಸಿ. ಮಾತು ಬಾರದ ಮಗುವಿನಲ್ಲಿ ಮೂಗಿನ ಹೊಳ್ಳೆ ಅರಳುವುದು, ಭುಜ ಏರಿಳಿಯುವುದು, ಹೆಜ್ಜೆ ತೂರಾಡುವುದು ನೋಡಿ. "ಎಷ್ಟು ಸುಸ್ತಾಗಿದೆ, ಹತ್ತರಲ್ಲಿ ಹೇಳು" ಎಂದರೆ ಹೆಚ್ಚಿನ ಮಕ್ಕಳು ತಮಗಿಷ್ಟದ ಅಂಕೆ ಹೇಳುತ್ತಾರೆ. ಮೂರು ಮುಖದ ಚಿತ್ರ ತೋರಿಸಿ ಮುಟ್ಟಿಸುವುದು ಮೇಲು. ತುಟಿ ನೀಲಿಗಟ್ಟಿದರೆ, ತಲೆ ಸುತ್ತಿದರೆ, ಎದೆ ಹಿಡಿದುಕೊಂಡರೆ ಕೂಡಲೇ ನಿಲ್ಲಿಸಬೇಕು. ಬೆರಳಿಗೆ ಹಾಕುವ ಆಕ್ಸಿಮೀಟರ್ ಇದ್ದರೆ, ಹೃದಯ ಸರಿಯಿರುವ ಮಗುವಿಗೆ ನಾವು ಇಟ್ಟುಕೊಳ್ಳುವ ಗೆರೆ 90. ಅದರ ಕೆಳಗಿಳಿದರೆ ಆವತ್ತಿಗೆ ಮುಗಿಯಿತು. ಉಗುರಿಗೆ ಬಣ್ಣ ಹಚ್ಚಿದ್ದರೆ, ಕೈ ತಣ್ಣಗಿದ್ದರೆ, ಬೆರಳು ಅಲುಗಿದರೆ ಆ ಯಂತ್ರ ಸುಳ್ಳು ಹೇಳುತ್ತದೆ, ಮೊದಲು ಅದನ್ನು ಸರಿಪಡಿಸಿ.

ಹನ್ನೆರಡು ವಾರ

ಇಡೀ ದೇಹದ ವ್ಯಾಯಾಮವೇ ಮುಖ್ಯ ಊಟ, ಉಸಿರಿನ ಉಪಕರಣಗಳು ಪಲ್ಯ. ಬೌದ್ಧಿಕ ಬೆಳವಣಿಗೆ ನಿಧಾನವಿರುವ ಮಕ್ಕಳ ಮೇಲೆ 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ನಡಿಗೆ, ಓಟ, ಸೈಕಲ್ ಇಷ್ಟನ್ನೇ ದಿನಕ್ಕೆ 30 ನಿಮಿಷ, ವಾರಕ್ಕೆ 5 ದಿನ, 8 ವಾರ ಮಾಡಿಸಿದಾಗ ಸ್ಪೈರೋಮೀಟರಿನ ಅಂಕೆಗಳು ಏರಿದವು. ಡೌನ್ ಸಿಂಡ್ರೋಮ್ ಮಕ್ಕಳನ್ನೇ ಇಟ್ಟುಕೊಂಡು ನಡೆದ ಅಧ್ಯಯನಗಳೂ ಇವೆ, ಹೆಚ್ಚಿನವು ಚಿಕ್ಕವು, ಕೆಲವೇ ವಾರಗಳವು. ಹಾಗಾಗಿ ಪವಾಡದ ಮಾತು ಬೇಡ. ಆದರೆ ದಿಕ್ಕು ಸರಿಯಿದೆ.

ಮೊದಲ ಎರಡು ವಾರ, ವಾರಕ್ಕೆ ಮೂರು ದಿನ: 3 ನಿಮಿಷ ನಡಿಗೆ, 1 ನಿಮಿಷ ನಿಲುಗಡೆ, ಹೀಗೆ ನಾಲ್ಕು ಸಲ. ಮುಂದಿನ ಎರಡು ವಾರ ಅದೇ ನಾಲ್ಕು ಸಲ, ಆದರೆ 4 ನಿಮಿಷದ್ದು. ಐದರಿಂದ ಎಂಟನೇ ವಾರದವರೆಗೆ ನಿಲುಗಡೆ ಕಡಿಮೆ ಮಾಡುತ್ತಾ 20ರಿಂದ 25 ನಿಮಿಷ, ವಾರಕ್ಕೆ ನಾಲ್ಕು ದಿನ. ಒಂಬತ್ತನೇ ವಾರದಿಂದ 30 ನಿಮಿಷ, ಐದು ದಿನ. ಇದರ ಹಿಂದೆ ಮುಂದೆ ಐದೈದು ನಿಮಿಷ ನಿಧಾನದ ನಡಿಗೆ. ಏರಿಸುವ ಕ್ರಮ ಮುಖ್ಯ: ಮೊದಲು ನಿಮಿಷ, ಆಮೇಲೆ ದಿನ, ಆಮೇಲೆ ವೇಗ, ಕಟ್ಟಕಡೆಗೆ ಏರು. ಮಂಗಳೂರಿನಲ್ಲಿ ಈ ಕೊನೆಯದು ತಾನಾಗಿ ಮೊದಲೇ ಬಂದುಬಿಡುತ್ತದೆ. ಕದ್ರಿಯಲ್ಲೋ ಬಿಜೈಯಲ್ಲೋ ಮನೆಯಿಂದ ಹೊರಟರೆ ಏರೇ ಎದುರು. ಅಂಥವರು ಮೊದಲ ತಿಂಗಳು ಪಾರ್ಕಿನ ಒಳಗೆ, ಶಾಲೆಯ ಮೈದಾನದಲ್ಲಿ, ಸಮತಟ್ಟಾದಲ್ಲಿ ನಡೆಸಿ.

ಪಣಂಬೂರು, ಮಲ್ಪೆ ಹತ್ತಿರವಿರುವವರು ಕಡಲ ತೀರಕ್ಕೆ ಹೋಗುತ್ತೀರಿ. ಒದ್ದೆ, ಗಟ್ಟಿ ಮರಳಿನ ಮೇಲೆ ನಡೆಸಿ. ಒಣ ಮರಳಿನಲ್ಲಿ ಸಡಿಲ ಹಿಮ್ಮಡಿ ಒಳಕ್ಕೆ ವಾಲುತ್ತದೆ, ಚಪ್ಪಟೆ ಪಾದ ಮತ್ತಷ್ಟು ಚಪ್ಪಟೆಯಾಗುತ್ತದೆ, ಮೊಣಕಾಲು ನೋಯುತ್ತದೆ. ಆಮೇಲೆ ಮಗು ಕಡಲ ತೀರಕ್ಕೇ ಬರಲೊಲ್ಲದು. ರಸ್ತೆಯ ನಡಿಗೆಗೆ ಹಿಮ್ಮಡಿ ಗಟ್ಟಿಯಿರುವ ಶೂ ಬೇಕು, ಹವಾಯಿ ಚಪ್ಪಲಿ ಅಲ್ಲ. ಸೈಕಲ್ ತುಳಿಸುವುದಾದರೆ ಪಾದ ಪೆಡಲಿನಿಂದ ಜಾರದ ಹಾಗೆ ಪಟ್ಟಿ ಕಟ್ಟಿ. ಎದೆ ಮಟ್ಟದ ನೀರಿನಲ್ಲಿ ನಡೆಸುವುದು ಬಹಳ ಒಳ್ಳೆಯದು; ನೀರು ಎದೆಯನ್ನು ಸುತ್ತಲಿಂದ ಒತ್ತುವುದರಿಂದ ಪ್ರತಿ ಉಸಿರೂ ಒಂದು ಸಣ್ಣ ಭಾರ ಎತ್ತಿದಂತೆ. ಕಿವಿಗೆ ಗ್ರಾಮೆಟ್ (ಕಿವಿತಮಟೆಯಲ್ಲಿ ಕೂರಿಸುವ ಪುಟ್ಟ ನಳಿಕೆ) ಹಾಕಿಸಿದ್ದರೆ ಮೊದಲು ಇಎನ್‌ಟಿ ವೈದ್ಯರನ್ನು ಕೇಳಿ.

ಜೂನ್ ಬಂದರೆ ಇದೆಲ್ಲ ನಿಂತುಹೋಗುತ್ತದೆ. ನಾಲ್ಕು ತಿಂಗಳ ಮಳೆಯಲ್ಲಿ, ಬೇಸಿಗೆಯಲ್ಲಿ ಗಳಿಸಿದ್ದು ಕರಗಿಹೋಗುತ್ತದೆ; ವ್ಯಾಯಾಮ ನಿಂತರೆ ಫಲವೂ ನಿಲ್ಲುತ್ತದೆ. ಮೇ ತಿಂಗಳಲ್ಲೇ ಮನೆಯೊಳಗಿನ ಏರ್ಪಾಡು ಮಾಡಿಡಿ. ಜಗಲಿಯಲ್ಲಿ 10ರಿಂದ 15 ಸೆಂ.ಮೀ. ಎತ್ತರದ ಗಟ್ಟಿ ಮಣೆ ಇಟ್ಟು ಹತ್ತಿ ಇಳಿಸುವುದು, ನಿಮಿಷಕ್ಕೆ 100ರಿಂದ 120 ಪೆಟ್ಟಿನ ತಾಸೆಯ ಧ್ವನಿಮುದ್ರಣ ಹಾಕಿ ಕುಣಿಸುವುದು, ಇವೆರಡೇ ಸಾಕು. ಫ್ಲೂ ಲಸಿಕೆಯನ್ನು ಮಳೆಗೆ ಮೊದಲೇ ಹಾಕಿಸಿ. ವ್ಯಾಯಾಮದ ಕೋಣೆಯ ಗೋಡೆಯಲ್ಲಿ ಬೂಷ್ಟು ಬಂದಿದ್ದರೆ, ಸೊಳ್ಳೆ ಬತ್ತಿ ಉರಿಯುತ್ತಿದ್ದರೆ ಬೇರೆ ಕೋಣೆ ನೋಡಿ.

ವಾರಕ್ಕೆ ಎರಡು ದಿನ ಬಲದ ವ್ಯಾಯಾಮ: ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು 8ರಿಂದ 10, ಗೋಡೆಗೆ ಕೈಯಿಟ್ಟು ತಳ್ಳುವುದು ಅಷ್ಟೇ, ರಬ್ಬರ್ ಪಟ್ಟಿಯನ್ನು ಎರಡೂ ಕೈಯಲ್ಲಿ ಎದೆಯ ಕಡೆಗೆ ಎಳೆಯುವುದು ಅಷ್ಟೇ, ಎಲ್ಲವೂ ಎರಡೆರಡು ಸುತ್ತು. ತಳ್ಳುವಾಗ, ಏಳುವಾಗ ಗಟ್ಟಿಯಾಗಿ ಎಣಿಸಲಿ. ಎಣಿಸುವ ಬಾಯಿ ಉಸಿರು ಕಟ್ಟುವುದಿಲ್ಲ. ಸ್ಟ್ರೆಚಿಂಗ್ ಬೇಡ. ಈ ಮಕ್ಕಳು ಕಾಲು ಅಗಲಿಸಿ ನೆಲಕ್ಕೆ ತಾಗಿಸಿದರೆ ನೋಡುವವರು ಚಪ್ಪಾಳೆ ತಟ್ಟುತ್ತಾರೆ. ಸಡಿಲ ಕೀಲನ್ನು ಇನ್ನೂ ಸಡಿಲ ಮಾಡುವುದಕ್ಕೆ ಚಪ್ಪಾಳೆ ಯಾಕೆ?

ಹೇಳಿಕೊಡುವ ರೀತಿ ಬಗ್ಗೆ ಎರಡು ಮಾತು. ಇವರು ಕೇಳಿದ್ದಕ್ಕಿಂತ ನೋಡಿದ್ದನ್ನು ಚೆನ್ನಾಗಿ ಹಿಡಿಯುತ್ತಾರೆ. ಮಾಡಿ ತೋರಿಸಿ, ಒಂದು ಸಲಕ್ಕೆ ಒಂದೇ ಸೂಚನೆ ಕೊಡಿ, ಆಮೇಲೆ ಹತ್ತು ಸೆಕೆಂಡು ಸುಮ್ಮನಿರಿ. ಆ ಹತ್ತು ಸೆಕೆಂಡಿನಲ್ಲಿ ಅಮ್ಮ ಒಂದು, ಅಜ್ಜಿ ಒಂದು, ಟೀಚರ್ ಒಂದು ಹೇಳಿದರೆ ಮಗು ಯಾವುದನ್ನೂ ಮಾಡುವುದಿಲ್ಲ. ನಮ್ಮಲ್ಲಿ ಇನ್ನೊಂದು ತೊಡಕು: ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ, ಥೆರಪಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. "ಎಳಿ", "ಊದು", "ನಿಲ್ಲು" ಈ ಮೂರು ಸೂಚನೆಗಳನ್ನಾದರೂ ಎಲ್ಲ ಕಡೆ ಒಂದೇ ಭಾಷೆಯಲ್ಲಿ, ಒಂದೇ ಕೈಸನ್ನೆಯೊಂದಿಗೆ ಹೇಳಿ. ಊಟವಾದ ಒಂದೂವರೆ ಗಂಟೆಯೊಳಗೆ ಏನನ್ನೂ ಮಾಡಿಸಬೇಡಿ, ತುಂಬಿದ ಹೊಟ್ಟೆ ವಪೆಯನ್ನು ಮೇಲಕ್ಕೆ ಒತ್ತುತ್ತದೆ.

ಎಳೆಯುವುದು, ಊದುವುದು

ಅಂಗಡಿಯಲ್ಲಿ ಸಿಗುವ ಮೂರು ಚೆಂಡಿನ ಉಪಕರಣ ಇಲ್ಲಿರುವ ಹೆಚ್ಚಿನವರ ಮನೆಯಲ್ಲಿದೆ. ಅರ್ಧ ಜನ ಅದಕ್ಕೆ ಊದಿಸುತ್ತಾರೆ. ಅದು ಊದಲಿಕ್ಕಲ್ಲ, ಎಳೆಯಲಿಕ್ಕೆ. ಮೂರೂ ಚೆಂಡನ್ನು ಒಂದೇ ಜಗ್ಗಿಗೆ ಮೇಲೆ ಹಾರಿಸಿದರೆ ಮನೆಯವರೆಲ್ಲ ಖುಷಿಪಡುತ್ತಾರೆ, ಅದರಿಂದ ಉಪಯೋಗ ಕಡಿಮೆ. ಒಂದೇ ಚೆಂಡನ್ನು ಎರಡು ಮೂರು ಸೆಕೆಂಡು ಮೇಲೆ ನಿಲ್ಲಿಸುವುದು ಸರಿಯಾದ ಕ್ರಮ. ಆದರೂ ಇದು ಸ್ನಾಯುವಿಗೆ ಗೊತ್ತಾದ ಭಾರ ಕೊಡುವುದಿಲ್ಲ. ನಿಧಾನ ಎಳೆದರೆ ಭಾರವೇ ಇಲ್ಲ. ಆಟವಾಗಿ ಒಳ್ಳೆಯದು.

ನಿಜವಾದ ಭಾರ ಕೊಡುವುದು ಸ್ಪ್ರಿಂಗ್ ಇರುವ ಉಪಕರಣ. ನಿಗದಿ ಮಾಡಿದ ಒತ್ತಡದಷ್ಟು ಎಳೆದರೆ ಮಾತ್ರ ಅದರ ಕವಾಟ ತೆರೆಯುತ್ತದೆ. ಮೊದಲು ಮಗು ಎಷ್ಟು ಜೋರಾಗಿ ಎಳೆಯಬಲ್ಲದು ಎಂದು ಅಳೆಯಬೇಕು. ಈ ಒತ್ತಡವನ್ನು ನೀರಿನ ಎತ್ತರದ ಲೆಕ್ಕದಲ್ಲಿ ಹೇಳುತ್ತಾರೆ; ಆ ಗರಿಷ್ಠ ಒತ್ತಡ 40 ಸೆಂ.ಮೀ. ನೀರಿನಷ್ಟು ಬಂದರೆ ಅದರ ಶೇ. 30, ಅಂದರೆ 12ಕ್ಕೆ ಇಟ್ಟು ಶುರು. ಹತ್ತು ಉಸಿರು, ಒಂದು ನಿಮಿಷ ಬಿಡುವು, ಹೀಗೆ ಮೂರು ಸುತ್ತು, ವಾರಕ್ಕೆ ಐದು ದಿನ. ಮೂರೂ ಸುತ್ತನ್ನು ಸಲೀಸಾಗಿ ಮುಗಿಸಿದ ವಾರ 2 ಸೆಂ.ಮೀ. ಏರಿಸಿ. ನಾಲ್ಕು ವಾರಕ್ಕೊಮ್ಮೆ ಮತ್ತೆ ಅಳತೆ. ಗರಿಷ್ಠದ ಅರ್ಧದ ಮೇಲೆ ಹೋಗುವ ಅಗತ್ಯವಿಲ್ಲ. ಇಲ್ಲಿ ಒಂದು ಸಿಕ್ಕು ಇದೆ: ಸಾಮಾನ್ಯವಾಗಿ ಸಿಗುವ ಸ್ಪ್ರಿಂಗ್ ಉಪಕರಣದ ಕನಿಷ್ಠ ಗುರುತು 9. ಗರಿಷ್ಠ ಒತ್ತಡ 20 ಮಾತ್ರ ಇರುವ ಮಗುವಿಗೆ ಶೇ. 30 ಎಂದರೆ 6. ಆ ಮಗುವಿಗೆ 9 ಎಂದರೆ ಹೆಚ್ಚುಕಡಿಮೆ ಅರ್ಧ, ಕವಾಟ ತೆರೆಯುವುದೇ ಇಲ್ಲ, ಮಗು ಅಳುತ್ತದೆ. ಅಂಥವರಿಗೆ ಸ್ಪ್ರಿಂಗ್ ತೆಗೆದು ಅಭ್ಯಾಸ ಮಾಡಿಸಿ, ನಡಿಗೆಯಿಂದ ಸ್ವಲ್ಪ ಬಲ ಬಂದ ಮೇಲೆ ಹಾಕಿ.

ಕೈಕೊಡುವ ಜಾಗಗಳು ಗೊತ್ತಿರುವಂಥವೇ. ನಾಲಿಗೆ ಬಾಯಿತುಂಡನ್ನು ಹೊರಕ್ಕೆ ತಳ್ಳುತ್ತದೆ, ತುಟಿಯ ಸಂದಿಯಿಂದ ಗಾಳಿ ಸೋರುತ್ತದೆ, ಮಗು ಮೂಗಿನಿಂದ ಎಳೆದುಬಿಡುತ್ತದೆ. ಮೂಗಿಗೆ ಕ್ಲಿಪ್ ಹಾಕಿ, ಗಲ್ಲದ ಕೆಳಗೆ ಹೆಬ್ಬೆರಳ ಆಸರೆ ಕೊಡಿ. ಆಗದಿದ್ದರೆ ಬಾಯಿತುಂಡಿನ ಬದಲು ಮುಖಕ್ಕೆ ಕೂರುವ ಮಾಸ್ಕ್ ಜೋಡಿಸಿ. ಭುಜ ಕಿವಿಯವರೆಗೆ ಏರುತ್ತಿದ್ದರೆ ಭಾರ ಹೆಚ್ಚಾಗಿದೆ ಎಂದರ್ಥ. ತಲೆ ಸುತ್ತಿದರೆ ಉಸಿರಿನ ವೇಗ ಹೆಚ್ಚಾಗಿದೆ. ಎಳೆಯುವುದೇ ಗೊತ್ತಾಗದ ಮಗುವಿಗೆ ಸ್ಟ್ರಾದಿಂದ ಕಾಗದದ ತುಂಡನ್ನು ಎಳೆದು ಹಿಡಿದು ಒಂದು ತಟ್ಟೆಯಿಂದ ಇನ್ನೊಂದಕ್ಕೆ ಹಾಕಿಸಿ. ತುಂಡು ಸ್ಟ್ರಾದ ತೂತಿಗಿಂತ ದೊಡ್ಡದಿರಲಿ. ಬಟಾಣಿ, ಕಡಲೆ ಬೇಡವೇ ಬೇಡ.

ಊದುವುದಕ್ಕೆ ಬಲೂನು ಕೊಡಬೇಡಿ. ಒಡೆದ ರಬ್ಬರ್ ಚೂರು ಗಂಟಲಿಗೆ ಸಿಕ್ಕಿದರೆ ತೆಗೆಯುವುದು ಕಷ್ಟ, ಮೇಲಾಗಿ ಬಲೂನು ಊದುವಾಗ ಕೆಲಸ ಮಾಡುವುದು ಕೆನ್ನೆ. ಕಫ ಕಟ್ಟುವ ಮಕ್ಕಳಿಗೆ ನೀರಿನ ಬಾಟಲಿ ಒಳ್ಳೆಯದು. ಒಂದು ಲೀಟರಿನ ಗಟ್ಟಿ ಬಾಟಲಿಯಲ್ಲಿ 10 ಸೆಂ.ಮೀ. ಎತ್ತರ ನೀರು, ಅದರೊಳಗೆ ತಳದವರೆಗೆ ಇಳಿಯುವ ನಳಿಕೆ. ನಳಿಕೆಯ ಒಳವ್ಯಾಸ 8 ಮಿ.ಮೀ.ಗಿಂತ ಕಡಿಮೆ ಇರಬಾರದು. ಜ್ಯೂಸಿನ ಸಣ್ಣ ಸ್ಟ್ರಾ ಹಾಕಿದರೆ ಒತ್ತಡ ನೀರಿನ ಆಳಕ್ಕಿಂತ ಎಷ್ಟೋ ಹೆಚ್ಚಾಗುತ್ತದೆ. ಬಾಟಲಿಯ ಬಾಯಿ ತೆರೆದೇ ಇರಲಿ. ಗುಳುಗುಳು ಸದ್ದು ಮೂರು ಸೆಕೆಂಡು ಬರುವಂತೆ ಹತ್ತು ಸಲ ಊದುವುದು, ಆಮೇಲೆ ಕನ್ನಡಿಗೆ ಹಬೆ ಹಿಡಿಸುವಂತೆ ಬಾಯಿ ತೆರೆದು ಎರಡು ಸಲ "ಹಾ", ಒಂದು ಕೆಮ್ಮು. ಇಂಥ ಮೂರು ನಾಲ್ಕು ಸುತ್ತು. ಊದುವುದು ಮತ್ತು ಎಳೆಯುವುದರ ವ್ಯತ್ಯಾಸ ಗೊತ್ತಿಲ್ಲದ ಮಗು ನೀರನ್ನು ಒಳಗೆ ಎಳೆದುಕೊಳ್ಳುತ್ತದೆ, ಅದಕ್ಕೆ ಮೊದಲು ಪೀಪಿಯಲ್ಲಿ ಕಲಿಸಿ. ಸೋಪು ಹಾಕಬೇಡಿ. ನಮ್ಮ ಸೆಕೆಯಲ್ಲಿ ನೀರನ್ನು ದಿನವೂ ಚೆಲ್ಲಬೇಕು, ನಳಿಕೆಯನ್ನು ತೊಳೆದು ಪೂರ್ತಿ ಒಣಗಿಸಬೇಕು. ಮಳೆಗಾಲದಲ್ಲಿ ಒಣಗುವುದೇ ಇಲ್ಲ, ಹಾಗಾಗಿ ಎರಡು ನಳಿಕೆ ಇಟ್ಟುಕೊಂಡು ಬದಲಾಯಿಸಿ. ನೆನಪಿರಲಿ, ಈ ಬಾಟಲಿ ಕಫ ತೆಗೆಯುವುದಕ್ಕೆ. ಎಳೆಯುವ ಸ್ನಾಯುವಿನ ಬಲ ಇದರಿಂದ ಬರುವುದಿಲ್ಲ.

ಅಳತೆ

ಸ್ಪೈರೋಮೀಟರಿನಲ್ಲಿ ಕನಿಷ್ಠ ಮೂರು ಸರಿಯಾದ ಊದು ಸಿಗಬೇಕು, ಅದರಲ್ಲಿ ಅತ್ಯುತ್ತಮ ಎರಡರ ನಡುವಿನ ಅಂತರ 150 ಮಿ.ಲೀ. ಒಳಗಿರಬೇಕು. ಹೆಚ್ಚಿನ ಮಕ್ಕಳಿಗೆ ಇದು ಮೊದಲ ದಿನ ಆಗುವುದಿಲ್ಲ. ಎರಡು ಮೂರು ಬೇರೆ ಬೇರೆ ದಿನ ಬರೀ ಅಭ್ಯಾಸಕ್ಕೆಂದು ಊದಿಸಿ, ಆಮೇಲಿನ ಅಂಕೆಯನ್ನು ಆರಂಭದ ಅಂಕೆ ಎಂದು ಬರೆದುಕೊಳ್ಳಿ. ಈ ಅಭ್ಯಾಸ ತಪ್ಪಿಸಿದರೆ ಆಗುವ ಮೋಸ ಏನು ಗೊತ್ತೇ? ಎಂಟು ವಾರದ ನಂತರ ಅಂಕೆ ಏರುತ್ತದೆ, ಎಲ್ಲರೂ ವ್ಯಾಯಾಮದ ಫಲ ಎನ್ನುತ್ತಾರೆ, ನಿಜದಲ್ಲಿ ಮಗು ಊದಲು ಕಲಿತಿದೆ ಅಷ್ಟೇ. ವಿದ್ಯಾರ್ಥಿಗಳು ಇದನ್ನು ದೊಡ್ಡಕ್ಷರದಲ್ಲಿ ಬರೆದುಕೊಳ್ಳಿ.

ಆರು ನಿಮಿಷದ ನಡಿಗೆ ಪರೀಕ್ಷೆಗೆ 30 ಮೀಟರಿನ ನೇರ ಕಾರಿಡಾರ್ ಬೇಕು. ಡೌನ್ ಸಿಂಡ್ರೋಮ್ ಮಗು ಒಂಟಿಯಾಗಿ ಬಿಟ್ಟರೆ ನಡುವೆ ಕಿಟಕಿ ನೋಡುತ್ತಾ ನಿಲ್ಲುತ್ತದೆ, ಹಾಗಾಗಿ ಒಬ್ಬರು ಜೊತೆಗಿರಬೇಕು, ಆದರೆ ಒಂದು ಹೆಜ್ಜೆ ಹಿಂದೆ. ಮುಂದೆ ನಡೆದರೆ ನೀವು ಅಳೆಯುವುದು ನಿಮ್ಮದೇ ವೇಗವನ್ನು. ಪ್ರತಿ ಸಲವೂ ಅದೇ ವ್ಯಕ್ತಿ, ಅದೇ ಮಾತು. ಅಂಕೆಗಳನ್ನು ಓರಗೆಯ ಮಕ್ಕಳ ಕೋಷ್ಟಕಕ್ಕೆ ಹೋಲಿಸಿ ಬೇಜಾರು ಮಾಡಿಕೊಳ್ಳುವುದಕ್ಕಿಂತ ಅದೇ ಮಗುವಿನ ಹಿಂದಿನ ಅಂಕೆಗೆ ಹೋಲಿಸಿ. ನಮ್ಮ ಅನಿಸಿಕೆಯಲ್ಲಿ ಸ್ಪೈರೋಮೀಟರಿಗಿಂತ ಮನೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟದ್ದು ಹೆಚ್ಚು ಹೇಳುತ್ತದೆ: ಈ ತಿಂಗಳು ಎಷ್ಟು ದಿನ ಕೆಮ್ಮು, ಎಷ್ಟು ಸಲ ಆಂಟಿಬಯೋಟಿಕ್, ಒಂದೇ ಉಸಿರಿಗೆ "ಆ" ಎನ್ನುವುದು ಎಷ್ಟು ಸೆಕೆಂಡು, ಬಸ್ಸಿನ ಮೆಟ್ಟಿಲು ಹತ್ತಲು ಕೈ ಬೇಕಾಯಿತೇ.

ಸಭಿಕರ ಪ್ರಶ್ನೆಗಳು

"ಮೇಡಂ, ನಮ್ಮ ಮಗಳಿಗೆ ಒಂದೂವರೆ ವರ್ಷ, ಇನ್ನೂ ನಡೆಯುವುದಿಲ್ಲ. ನಾವು ಕಾಯಬೇಕಾ?"

ಕಾಯಬೇಡಿ ಅಮ್ಮಾ. ಈ ಮಕ್ಕಳು ಸರಾಸರಿ ಎರಡು ವರ್ಷದ ಆಸುಪಾಸಿಗೆ ನಡೆಯುತ್ತಾರೆ, ಹಾಗಾಗಿ ಗಾಬರಿಯೂ ಬೇಡ. ಎಚ್ಚರವಿದ್ದಾಗ ದಿನಕ್ಕೆ ನಾಲ್ಕೈದು ಸಲ ಹೊಟ್ಟೆಯ ಮೇಲೆ ಮಲಗಿಸಿ ಆಡಿಸಿ, ಸೊಂಟಕ್ಕೆ ಆಸರೆ ಕೊಟ್ಟು ನೇರ ಕೂರಿಸಿ, ಹಿಡಿದುಕೊಂಡು ಹೆಜ್ಜೆ ಹಾಕಿಸಿ. 2001ರ ಒಂದು ಅಧ್ಯಯನದಲ್ಲಿ, ಆಸರೆಯಿಲ್ಲದೆ 30 ಸೆಕೆಂಡು ಕೂರಬಲ್ಲ ಶಿಶುಗಳನ್ನು ಸಣ್ಣ ಟ್ರೆಡ್‌ಮಿಲ್ ಮೇಲೆ ಹಿಡಿದು ದಿನಕ್ಕೆ 8 ನಿಮಿಷ, ವಾರಕ್ಕೆ 5 ದಿನ ಹೆಜ್ಜೆ ಹಾಕಿಸಿದಾಗ, ಅವು ಉಳಿದವಕ್ಕಿಂತ ಸುಮಾರು ನೂರು ದಿನ ಮೊದಲೇ ನಡೆದವು. ಹಾಗೆಂದು ಟ್ರೆಡ್‌ಮಿಲ್ ಕೊಳ್ಳಲು ಓಡಬೇಡಿ, ದೊಡ್ಡವರ ಯಂತ್ರ ಅಷ್ಟು ನಿಧಾನ ತಿರುಗುವುದೂ ಇಲ್ಲ. ಫಿಸಿಯೋಥೆರಪಿಸ್ಟ್ ಬಳಿ ಹಿಡಿಯುವ ಕ್ರಮ ಕಲಿತು ಮನೆಯಲ್ಲಿ ಮಾಡಿ.

"ಶಾಲೆಯಲ್ಲಿ ಪ್ರಾಣಾಯಾಮ ಮಾಡಿಸುತ್ತಿದ್ದೇವೆ. ಮುಂದುವರಿಸಬಹುದಾ?"

ನಿಧಾನವಾಗಿ ಎಳೆದು ಉದ್ದಕ್ಕೆ ಬಿಡುವುದು, ಭ್ರಾಮರಿಯ ಹಾಗೆ ಗುಂಯ್‌ಗುಡುವುದು, ಓಂಕಾರ, ಇವನ್ನೆಲ್ಲ ಮಾಡಿಸಿ. ಬಾಯಿ ಮುಚ್ಚಿ ಗುಂಯ್ ಎನ್ನುವುದರಿಂದ ತುಟಿ ಮುಚ್ಚುವ ಅಭ್ಯಾಸವೂ ಆಗುತ್ತದೆ. ಮೂಗು ಕಟ್ಟಿದ ದಿನ ಬಿಡಿ. ಉಸಿರು ಹಿಡಿಯುವ ಕುಂಭಕ ಮತ್ತು ಹೊಟ್ಟೆ ಜಗ್ಗಿ ರಭಸದಿಂದ ಬಿಡುವ ಕಪಾಲಭಾತಿ ಎರಡನ್ನೂ ಕೈಬಿಡಿ. ಯಾವ ಮಗುವಿನ ಹೃದಯ ಹೇಗಿದೆ ಎಂಬುದು ತರಗತಿಯಲ್ಲಿ ನಿಮಗೆ ಗೊತ್ತಿರುವುದಿಲ್ಲ.

"ನ್ಯುಮೋನಿಯಾ ಆಗಿ ವಾರ ಆಸ್ಪತ್ರೆಯಲ್ಲಿದ್ದ. ಈಗ ಮತ್ತೆ ಎಲ್ಲಿಂದ ಶುರು?"

ಜ್ವರ ಬಿಟ್ಟ ದಿನವೇ ಅಲ್ಲ. ಆಂಟಿಬಯೋಟಿಕ್ ಮುಗಿದು, ಊಟ ನಿದ್ದೆ ಮೊದಲಿನಂತಾಗಿ, ಸುಮ್ಮನೆ ಕೂತಾಗ ಉಸಿರಿನ ವೇಗ ಮಾಮೂಲಿಗೆ ಬಂದ ಮೇಲೆ, ವೈದ್ಯರು ಆಗಬಹುದು ಎಂದ ಮೇಲೆ. ಅಲ್ಲಿಯವರೆಗೆ ನೀರಿನ ಬಾಟಲಿ ಮತ್ತು "ಹಾ" ಮಾತ್ರ, ಅದೂ ವೈದ್ಯರನ್ನು ಕೇಳಿ. ಶುರು ಮಾಡುವಾಗ ಬಿಟ್ಟಲ್ಲಿಂದ ಅಲ್ಲ. ಹಿಂದೆ ಮಾಡುತ್ತಿದ್ದ ನಿಮಿಷದ ಅರ್ಧ, ಏರು ಇಲ್ಲದ ಜಾಗ, ಒಂದು ದಿನ ಬಿಟ್ಟು ಒಂದು ದಿನ. ಉಪಕರಣದ ಗುರುತನ್ನು ಎರಡು ಮೆಟ್ಟಿಲು ಇಳಿಸಿ. ಎರಡು ವಾರದಲ್ಲಿ ಹಳೆಯ ಮಟ್ಟಕ್ಕೆ ಬಾರದಿದ್ದರೆ ವ್ಯಾಯಾಮ ಹೆಚ್ಚಿಸಬೇಡಿ, ಮತ್ತೊಮ್ಮೆ ಎದೆ ಪರೀಕ್ಷೆ ಮಾಡಿಸಿ. ವರ್ಷಕ್ಕೆ ಎರಡು ಮೂರು ಸಲ ನ್ಯುಮೋನಿಯಾ ಮರುಕಳಿಸುತ್ತಿದ್ದರೆ, ನುಂಗುವಾಗ ಆಹಾರ ಶ್ವಾಸನಾಳಕ್ಕೆ ಹೋಗುತ್ತಿದೆಯೇ ಎಂದೂ ನೋಡಿಸಬೇಕು. ಹಾಗೆ ಹೋಗುತ್ತಿದ್ದರೆ ಎಷ್ಟು ನಡೆಸಿದರೂ ಸೋಂಕು ನಿಲ್ಲುವುದಿಲ್ಲ.